ಇನ್ನೊಂದು ಸುತ್ತು ಕೀಮೋ ಬೇಕೇ? ಮುಂದುವರಿದ ಲಿವರ್ ಕ್ಯಾನ್ಸರ್‌ನಲ್ಲಿ ನಿರ್ಧಾರಕ್ಕೆ ಬರುವ ಬಗೆ

ಮಂಗಳೂರಿನ ಆಸ್ಪತ್ರೆಯೊಂದರ ಕ್ಯಾನ್ಸರ್ ವಿಭಾಗದ ಹೊರಗೆ ನಾನು ದೊಡ್ಡಪ್ಪನ ಪಕ್ಕದಲ್ಲಿ ಕುಳಿತಿದ್ದೆ. ಒಳಗೆ ಅವರ ಮಗ ವೈದ್ಯರೊಡನೆ ಮಾತನಾಡುತ್ತಿದ್ದ; ಔಷಧಿಯನ್ನು ಮುಂದುವರಿಸುವುದೋ ನಿಲ್ಲಿಸುವುದೋ ಎಂಬುದು ಮಾತಿನ ವಿಷಯ. ಅರ್ಧ ಗಂಟೆ ಕಳೆದ ಮೇಲೆ ದೊಡ್ಡಪ್ಪ ಮೆಲ್ಲಗೆ, "ಮದ್ದು ಹೋಗುವುದು ನನ್ನ ಮೈಗೆ. ನನ್ನ ಹತ್ತಿರ ಯಾರೂ ಕೇಳಲೇ ಇಲ್ಲವಲ್ಲ ಮಾರಾಯ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಎಷ್ಟೋ ಮನೆಗಳು ಇದೇ ಬಾಗಿಲಿನ ಮುಂದೆ ಕಾಯುತ್ತಿರುವುದನ್ನು ಕಂಡಿದ್ದೇನೆ. ಆ ಮನೆಯವರಿಗಾಗಿ ಈ ಲೇಖನವನ್ನು ಬರೆದಿದ್ದೇನೆ. ನಾನು ವೈದ್ಯನಲ್ಲ. ಇಲ್ಲಿರುವುದನ್ನು ವೈದ್ಯರ ಎದುರು ಕುಳಿತಾಗ ಸರಿಯಾದ ಪ್ರಶ್ನೆಗಳನ್ನು ಕೇಳುವುದಕ್ಕೆ ಬಳಸಿ, ನೀವಾಗಿಯೇ ಔಷಧಿ ನಿಲ್ಲಿಸುವುದಕ್ಕೆ ಬಳಸಬೇಡಿ.

ಲಿವರ್ ಕ್ಯಾನ್ಸರ್‌ನಲ್ಲಿ ಈ ನಿರ್ಧಾರ ಬೇರೆ ಹಲವು ಕ್ಯಾನ್ಸರ್‌ಗಳಿಗಿಂತ ತೊಡಕಿನದು. ಹೆಚ್ಚಿನವರ ದೇಹದಲ್ಲಿ ಒಟ್ಟಿಗೆ ಎರಡು ಕಾಯಿಲೆಗಳಿರುತ್ತವೆ. ಗಡ್ಡೆ ಒಂದು, ಗಡ್ಡೆ ಹುಟ್ಟುವುದಕ್ಕಿಂತ ಎಷ್ಟೋ ವರ್ಷ ಮೊದಲೇ ಹೆಪಟೈಟಿಸ್ ಬಿ ಅಥವಾ ಸಿ ವೈರಸ್‌ನಿಂದಲೋ, ಮದ್ಯದಿಂದಲೋ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆಗೆ ಬರುವ ಕೊಬ್ಬಿನಿಂದಲೋ ಗಾಯಗೊಂಡು ಗಟ್ಟಿಯಾದ ಲಿವರ್, ಅಂದರೆ ಸಿರೋಸಿಸ್, ಇನ್ನೊಂದು. ಔಷಧಿಯ ಗುರಿ ಗಡ್ಡೆ, ಆದರೆ ಅದನ್ನು ತಾಳಿಕೊಳ್ಳಬೇಕಾದದ್ದು ಆ ಗಾಯಗೊಂಡ ಲಿವರ್. ಗಡ್ಡೆ ಕುಗ್ಗುತ್ತಿದೆಯೇ ಎಂಬುದೊಂದನ್ನೇ ಕೇಳುತ್ತ ಹೋದರೆ ಲಿವರ್ ಸೋಲುತ್ತಿರುವುದು ನಮ್ಮ ಕಣ್ಣಿಗೆ ಬೀಳುವುದು ತಡವಾಗಿ.

ಮೊದಲ ಹೆಜ್ಜೆ: ಕಾಯಿಲೆಯ ಮತ್ತು ಔಷಧಿಯ ಸರಿಯಾದ ಹೆಸರು ತಿಳಿದುಕೊಳ್ಳಿ

ನಮ್ಮ ಕಡೆ ಲಿವರ್‌ನಲ್ಲಿ ಗಡ್ಡೆ ಕಂಡರೆ ಎಲ್ಲವನ್ನೂ "ಲಿವರ್ ಕ್ಯಾನ್ಸರ್" ಎಂದೂ, ಕೊಡುವ ಔಷಧಿಯನ್ನೆಲ್ಲ "ಕೀಮೋ" ಎಂದೂ ಕರೆಯುವ ರೂಢಿಯಿದೆ. ಆದರೆ ಲಿವರ್‌ನಲ್ಲಿಯೇ ಹುಟ್ಟಿದ ಕ್ಯಾನ್ಸರ್ ಬೇರೆ, ದೊಡ್ಡ ಕರುಳಿನಿಂದಲೋ ಸ್ತನದಿಂದಲೋ ಲಿವರ್‌ಗೆ ಹರಡಿದ ಕ್ಯಾನ್ಸರ್ ಬೇರೆ, ಪಿತ್ತನಾಳದ ಕ್ಯಾನ್ಸರ್ ಬೇರೆ. ಕರುಳಿನಿಂದ ಹರಡಿದ್ದಕ್ಕೆ ರಕ್ತನಾಳದ ಮೂಲಕ ಕೊಡುವ ಸಾಮಾನ್ಯ ಕೀಮೋ ಚೆನ್ನಾಗಿ ಕೆಲಸ ಮಾಡಬಹುದು. ಲಿವರ್‌ನಲ್ಲಿಯೇ ಹುಟ್ಟುವ ಹೆಪಟೊಸೆಲ್ಯುಲರ್ ಕಾರ್ಸಿನೋಮ ಎಂಬ ಬಗೆಗೆ ಅಂಥ ಕೀಮೋದಿಂದ ಆಗುವ ಉಪಯೋಗ ಕಡಿಮೆ. ಈಗ ಅದಕ್ಕೆ ಹೆಚ್ಚಾಗಿ ಕೊಡುವುದು ಸೊರಾಫೆನಿಬ್, ಲೆನ್ವಾಟಿನಿಬ್‌ನಂಥ ಮಾತ್ರೆಗಳನ್ನು, ಇಲ್ಲವೇ ಮೂರು ವಾರಕ್ಕೊಮ್ಮೆ ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಜೋಡಿಯಂಥ ಇಮ್ಯುನೊಥೆರಪಿಯನ್ನು, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ವಿರುದ್ಧ ಎಬ್ಬಿಸುವ ಚಿಕಿತ್ಸೆಯನ್ನು. ತೊಡೆಯ ಸಂದಿಯಿಂದ ಸಣ್ಣ ನಳಿಗೆಯನ್ನು ಲಿವರ್‌ನ ರಕ್ತನಾಳದವರೆಗೆ ಸಾಗಿಸಿ ಗಡ್ಡೆಗೇ ಔಷಧಿ ಬಿಡುವ ಟೇಸ್ ಎಂಬ ವಿಧಾನವನ್ನೂ ಜನ ಕೀಮೋ ಎನ್ನುತ್ತಾರೆ. ಇವುಗಳ ಫಲವೂ ಅಡ್ಡಪರಿಣಾಮಗಳೂ ಬೇರೆ ಬೇರೆಯಾದ್ದರಿಂದ, ಬಯಾಪ್ಸಿ ಅಥವಾ ಸ್ಕ್ಯಾನ್ ವರದಿಯಲ್ಲಿರುವ ಕಾಯಿಲೆಯ ಹೆಸರನ್ನೂ ಈಗ ನಡೆಯುತ್ತಿರುವ ಔಷಧಿಯ ಹೆಸರನ್ನೂ ಕನ್ನಡದಲ್ಲಿಯೇ ಒಂದು ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಮುಂದಿನ ಮಾತಿಗೆಲ್ಲ ಅದೇ ಬುನಾದಿ. ಈ ಲೇಖನದ ಉಳಿದ ಭಾಗ ಮುಖ್ಯವಾಗಿ ಲಿವರ್‌ನಲ್ಲಿಯೇ ಹುಟ್ಟಿದ ಕ್ಯಾನ್ಸರ್ ಕುರಿತದ್ದು.

ಎರಡನೆಯ ಹೆಜ್ಜೆ: ಗಡ್ಡೆಯ ಅಳತೆಗಿಂತ ಮೊದಲು ಲಿವರ್‌ನ ಲೆಕ್ಕ ನೋಡಿ

ಸ್ಕ್ಯಾನ್ ವರದಿ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಗಡ್ಡೆಯ ಸೆಂಟಿಮೀಟರುಗಳ ಕಡೆಗೆ ಹೋಗುವುದು ಸಹಜ. ನಿರ್ಧಾರಕ್ಕೆ ಅದಕ್ಕಿಂತ ಹೆಚ್ಚು ಬೇಕಾದದ್ದು ಚೈಲ್ಡ್-ಪ್ಯೂ ಎಂಬ ಹಳೆಯ, ಸರಳವಾದ ಅಂಕದ ಪದ್ಧತಿ. ಕಾಮಾಲೆಯಲ್ಲಿ ಏರುವ ಹಳದಿ ಅಂಶವಾದ ಬಿಲಿರುಬಿನ್, ಲಿವರ್ ತಯಾರಿಸುವ ಪ್ರೋಟೀನ್ ಆದ ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ವೇಗವನ್ನು ತಿಳಿಸುವ ಐಎನ್‌ಆರ್, ಹೊಟ್ಟೆಯಲ್ಲಿ ನೀರು, ಬುದ್ಧಿಗೆ ಕವಿಯುವ ಮಬ್ಬು ಎಂಬ ಐದು ವಿಷಯಗಳಿಗೆ ಒಂದರಿಂದ ಮೂರರವರೆಗೆ ಅಂಕ ಕೊಟ್ಟು ಕೂಡಿಸುತ್ತಾರೆ. ಬಿಲಿರುಬಿನ್ 2ಕ್ಕಿಂತ ಕಡಿಮೆಯಿದ್ದರೆ ಒಂದು ಅಂಕ, 3ನ್ನು ದಾಟಿದರೆ ಮೂರು, ಆಲ್ಬುಮಿನ್ 3.5ಕ್ಕಿಂತ ಮೇಲಿದ್ದರೆ ಒಂದು, 2.8ಕ್ಕಿಂತ ಕೆಳಗಿಳಿದರೆ ಮೂರು. ಮೊತ್ತ 5 ಅಥವಾ 6 ಆದರೆ ಎ ದರ್ಜೆ, 7ರಿಂದ 9 ಬಿ ದರ್ಜೆ, 10ರಿಂದ 15 ಸಿ ದರ್ಜೆ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಮುಂದುವರಿದ ಲಿವರ್ ಕ್ಯಾನ್ಸರ್‌ನಲ್ಲಿ ಔಷಧಿಗಳು ಆಯುಷ್ಯವನ್ನು ಹೆಚ್ಚಿಸುತ್ತವೆ ಎಂದು ತೋರಿಸಿದ ದೊಡ್ಡ ಅಧ್ಯಯನಗಳು ನಡೆದದ್ದು ಬಹುಪಾಲು ಎ ದರ್ಜೆಯ ಲಿವರ್ ಇದ್ದವರ ಮೇಲೆ. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೊರಾಫೆನಿಬ್ ಪಡೆದವರ ಮಧ್ಯಮ ಆಯುಷ್ಯ 10.7 ತಿಂಗಳು, ಪಡೆಯದವರದು 7.9 ತಿಂಗಳು. 2020ರಲ್ಲಿ ಬಂದ ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಜೋಡಿ ಸೊರಾಫೆನಿಬ್‌ಗಿಂತ ಮೇಲೆಂದು ಸಾಬೀತಾಯಿತು; ನಂತರದ ಲೆಕ್ಕದಲ್ಲಿ ಆ ಜೋಡಿಯನ್ನು ಪಡೆದವರದು 19.2 ತಿಂಗಳು, ಸೊರಾಫೆನಿಬ್ ಪಡೆದವರದು 13.4 ತಿಂಗಳು. ಮಧ್ಯಮ ಎಂದರೆ ಅರ್ಧದಷ್ಟು ಜನ ಅದಕ್ಕಿಂತ ಕಡಿಮೆ ಕಾಲ, ಇನ್ನರ್ಧ ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದರು ಎಂದು ಅರ್ಥ. ನಿಮ್ಮ ಮನೆಯವರಿಗೆ ಇಷ್ಟೇ ತಿಂಗಳು ಎಂದಲ್ಲ. ಎ ದರ್ಜೆಯಲ್ಲಿ ಕಂಡ ಈ ಲಾಭವನ್ನು ಸಿ ದರ್ಜೆಗೆ ಜಾರಿದ ರೋಗಿಯಿಂದ ನಿರೀಕ್ಷಿಸುವುದು ಸರಿಯಲ್ಲ. ಅಲ್ಲಿ ಲಿವರ್‌ನ ವೈಫಲ್ಯವೇ ಕ್ಯಾನ್ಸರ್‌ಗಿಂತ ಮುಂದೆ ಓಡುತ್ತಿರುತ್ತದೆ, ಔಷಧಿ ಆ ಓಟಕ್ಕೆ ಇನ್ನಷ್ಟು ವೇಗ ಕೊಡಬಹುದು. ಲಿವರ್ ಕ್ಯಾನ್ಸರ್‌ನ ಹಂತಗಳನ್ನು ಗುರುತಿಸಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಬಾರ್ಸಿಲೋನಾ ವರ್ಗೀಕರಣವು, ಲಿವರ್ ಕಸಿಗೆ ಅವಕಾಶವಿಲ್ಲದೆ ಲಿವರ್ ಸೋತವರನ್ನೂ ಹಾಸಿಗೆ ಹಿಡಿದವರನ್ನೂ ಕೊನೆಯದಾದ ಡಿ ಹಂತದಲ್ಲಿಟ್ಟು, ಅವರಿಗೆ ನೋವು ಮತ್ತು ತೊಂದರೆಗಳನ್ನು ಶಮನಗೊಳಿಸುವ ಆರೈಕೆಯನ್ನೇ ಹೇಳುತ್ತದೆ. ಚೈಲ್ಡ್-ಪ್ಯೂ ಬಿ ದರ್ಜೆ ನಡುವಿನ ನೆಲ. ಏಳು ಅಂಕದವರಿಗೆ ಎಚ್ಚರಿಕೆಯಿಂದ ಕೊಟ್ಟು ನೋಡುವ ವೈದ್ಯರಿದ್ದಾರೆ, ಒಂಬತ್ತು ಅಂಕದವರಿಗೆ ಬಹಳಷ್ಟು ವೈದ್ಯರು ಹಿಂಜರಿಯುತ್ತಾರೆ.

ಆದ್ದರಿಂದ ಪ್ರತಿ ಭೇಟಿಯಲ್ಲಿಯೂ "ಇವರ ಚೈಲ್ಡ್-ಪ್ಯೂ ಅಂಕ ಇವತ್ತು ಎಷ್ಟು, ಕಳೆದ ಸಲ ಎಷ್ಟಿತ್ತು?" ಎಂದು ಕೇಳಿ ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಮೂರು ಭೇಟಿಗಳ ಅಂಕಗಳನ್ನು ಒಂದರ ಕೆಳಗೊಂದು ಬರೆದಾಗ ದಾರಿ ಯಾವ ಕಡೆಗೆ ಸಾಗುತ್ತಿದೆ ಎಂಬುದು ಮನೆಯವರಿಗೇ ಕಾಣುತ್ತದೆ.

ಮೂರನೆಯ ಹೆಜ್ಜೆ: ದಿನಚರಿಯನ್ನು ಪ್ರಾಮಾಣಿಕವಾಗಿ ಬರೆದಿಡಿ

ವೈದ್ಯರು ರೋಗಿಯ ಶಕ್ತಿಯನ್ನು ಸೊನ್ನೆಯಿಂದ ನಾಲ್ಕರವರೆಗೆ ಅಳೆಯುತ್ತಾರೆ. ಎಲ್ಲ ಕೆಲಸ ಮಾಡಬಲ್ಲವರು ಸೊನ್ನೆ. ಹಗುರ ಕೆಲಸ ಮಾಡಬಲ್ಲವರು ಒಂದು. ತಮ್ಮ ಸ್ನಾನ, ಊಟ ತಾವೇ ಮಾಡಿಕೊಂಡು, ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಎದ್ದು ಓಡಾಡುವವರು ಎರಡು. ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆ ಅಥವಾ ಕುರ್ಚಿಯಲ್ಲಿಯೇ ಕಳೆಯುವವರು ಮೂರು, ಪೂರ್ತಿ ಹಾಸಿಗೆ ಹಿಡಿದವರು ನಾಲ್ಕು. ಮೂರಕ್ಕೆ ಇಳಿದ ಮೇಲೆ ಗಡ್ಡೆಯ ಔಷಧಿಯಿಂದ ಹಾನಿಯೇ ಹೆಚ್ಚಾಗುವ ಸಂಭವ ಬೆಳೆಯುತ್ತದೆ.

ಇಲ್ಲಿ ನಾವು ಮನೆಯವರು ತಪ್ಪುತ್ತೇವೆ. ಆಸ್ಪತ್ರೆಗೆ ಹೋಗುವ ದಿನ ರೋಗಿಗೆ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಡಿಸಿ, ಹೆಗಲು ಕೊಟ್ಟು ನಡೆಸಿಕೊಂಡು ಹೋಗಿ, "ಪರವಾಗಿಲ್ಲ ಡಾಕ್ಟ್ರೇ, ಆರಾಮ ಇದ್ದಾರೆ" ಎನ್ನುತ್ತೇವೆ. ವೈದ್ಯರು ಕಾಣುವುದು ಆ ಹತ್ತು ನಿಮಿಷವನ್ನು. ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಜಗಲಿಗೆ ಬಂದು ಕುಳಿತರು, ಗಂಜಿ ಎಷ್ಟು ಸೌಟು ಇಳಿಯಿತು, ಅಂಗೈ ಅಂಗಾಲು ಸುಲಿದು ಚಪ್ಪಲಿ ಹಾಕಲಾಗದ ದಿನಗಳೆಷ್ಟು, ಭೇದಿ ಎಷ್ಟು ಸಲ, ಹಗಲು ನಿದ್ದೆ ರಾತ್ರಿ ಎಚ್ಚರ ಎಂಬ ತಿರುವು ಯಾವಾಗ ಶುರುವಾಯಿತು ಎಂಬುದನ್ನೆಲ್ಲ ಬರೆದುಕೊಂಡು ಹೋಗಿ, ಓದಿ ಹೇಳಿ. ಆಸ್ಪತ್ರೆಗಾಗಿ ಕಳೆದ ದಿನಗಳನ್ನೂ ಎಣಿಸಿ. ಬೈಂದೂರಿನಿಂದ ಮಣಿಪಾಲಕ್ಕೋ, ಸುಳ್ಯದಿಂದ ಮಂಗಳೂರಿಗೋ ಮಳೆಗಾಲದಲ್ಲಿ ಬಂದು ಹೋಗುವುದು, ರಕ್ತಪರೀಕ್ಷೆ, ಸ್ಕ್ಯಾನ್, ಮರುದಿನದ ಸುಸ್ತು ಎಲ್ಲ ಸೇರಿ ತಿಂಗಳ ಮೂವತ್ತು ದಿನಗಳಲ್ಲಿ ಹದಿನೈದು ಹೋದರೆ, ಔಷಧಿ ಕೊಡಬಹುದಾದ ಹೆಚ್ಚಿನ ವಾರಗಳನ್ನು ಔಷಧಿಯೇ ತಿಂದುಹಾಕುತ್ತಿದೆಯೇ ಎಂದು ಕೇಳಲೇಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ಈ ಕುಸಿತ ಸರಿಪಡಿಸಬಹುದಾದದ್ದೇ ಎಂದು ಕೇಳಿ

ಅವಸರದಲ್ಲಿ ಕೈಬಿಡುವುದೂ ತಪ್ಪೇ. ಒಂದೇ ವಾರದಲ್ಲಿ ಕಣ್ಣು ಹಳದಿಯಾದರೆ ಅದು ಪಿತ್ತನಾಳ ಮುಚ್ಚಿದ್ದರಿಂದಲೂ ಇರಬಹುದು. ಅಂಥ ಕಡೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿ ದಾರಿ ಬಿಡಿಸಲು ಸಾಧ್ಯವಾಗಬಹುದು. ಮಾತು ತೊದಲಿ ಬುದ್ಧಿ ಮಂಕಾದರೆ ಮಲಬದ್ಧತೆ, ಹೊಟ್ಟೆಯ ನೀರಿನ ಸೋಂಕು, ಕರುಳಿನಲ್ಲಿ ರಕ್ತಸ್ರಾವ ಅಥವಾ ನಿದ್ದೆಯ ಮಾತ್ರೆ ಕಾರಣವಿರಬಹುದು, ಇವಕ್ಕೆ ಚಿಕಿತ್ಸೆಯಿದೆ. ಹೆಪಟೈಟಿಸ್ ಬಿ ಇದ್ದವರು ವೈರಸ್ ಮಾತ್ರೆಯನ್ನು ತಪ್ಪಿಸಿದ್ದರೆ ವೈರಸ್ ಮತ್ತೆ ತಲೆಯೆತ್ತಿ ಲಿವರ್ ಕೆಡಬಹುದು. ಊರಿನಲ್ಲಿ ಕಾಮಾಲೆಗೆ ಕೊಡುವ ನಾಟಿ ಮದ್ದು, ಅಮೃತಬಳ್ಳಿಯ ಕಷಾಯ ಇತ್ಯಾದಿ ನಡೆಯುತ್ತಿದ್ದರೆ ಸಂಕೋಚಪಡದೆ ವೈದ್ಯರಿಗೆ ತಿಳಿಸಿ. ಅಮೃತಬಳ್ಳಿಯಿಂದಲೇ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲಿ ವರದಿಯಾಗಿವೆ.

ಔಷಧಿಯ ಪ್ರಮಾಣ ತಗ್ಗಿಸುವುದು, ಎರಡು ವಾರ ಬಿಡುವು ಕೊಡುವುದು, ಬೇರೆ ಔಷಧಿಗೆ ಬದಲಿಸುವುದು ಮುಂದುವರಿಸುವುದಕ್ಕೂ ನಿಲ್ಲಿಸುವುದಕ್ಕೂ ನಡುವಿನ ದಾರಿಗಳು. ಕುಸಿತದ ಕಾರಣಗಳನ್ನು ಸರಿಪಡಿಸಿದ ಮೇಲೂ ಅಂಕ ಏರುತ್ತಲೇ ಇದ್ದರೆ ಆಗ ಚಿತ್ರ ಸ್ಪಷ್ಟವಾಗುತ್ತದೆ.

ಐದನೆಯ ಹೆಜ್ಜೆ: ರೋಗಿಯನ್ನೇ ಕೇಳಿ, ಬೇಗ ಕೇಳಿ

ಬೇಗ ಎಂದು ಒತ್ತಿ ಹೇಳುವುದಕ್ಕೆ ಲಿವರ್ ಕಾಯಿಲೆಗೇ ಸೇರಿದ ಕಾರಣವಿದೆ. ಲಿವರ್ ಸೋತಾಗ ರಕ್ತದಲ್ಲಿ ಉಳಿಯುವ ವಿಷಾಂಶ ಮಿದುಳನ್ನು ಮಬ್ಬುಗೊಳಿಸುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಇದ್ದವರು ಕೊನೆಯ ವಾರದವರೆಗೂ ತಮ್ಮ ಮನಸ್ಸಿನಲ್ಲಿರುವುದನ್ನು ಹೇಳಬಲ್ಲವರಾಗಿ ಉಳಿಯಬಹುದು. ಲಿವರ್ ರೋಗಿಗೆ ಆ ಅವಕಾಶ ಅದಕ್ಕಿಂತ ಎಷ್ಟೋ ಮೊದಲೇ ಮುಚ್ಚಿಹೋಗಬಹುದು. "ಈಗ ಬೇಡ, ಮುಂದಿನ ಸ್ಕ್ಯಾನ್ ಆಗಲಿ" ಎನ್ನುವಷ್ಟರಲ್ಲಿ ಕೇಳಬೇಕಾದವರು ಉತ್ತರ ಕೊಡಲಾರದ ಸ್ಥಿತಿಗೆ ಹೋಗಿರುತ್ತಾರೆ. ದೊಡ್ಡಪ್ಪನ ವಿಷಯದಲ್ಲಿ ನಮಗೆ ಉಳಿದದ್ದು ಕೇವಲ ಮೂರು ವಾರಗಳ ತಿಳಿಬುದ್ಧಿ. ಅದರಲ್ಲಿ ಎರಡು ವಾರಗಳನ್ನು "ಅವರಿಗೆ ಗೊತ್ತಾಗಬಾರದು" ಎಂಬ ಪಿಸುಮಾತಿನಲ್ಲಿಯೇ ಕಳೆದೆವು.

ರೋಗಿಯಿಂದ ವಿಷಯ ಮುಚ್ಚಿಡುವುದು ಪ್ರೀತಿಯಿಂದಲೇ, ಅನುಮಾನವಿಲ್ಲ. ಆದರೆ ತಮ್ಮ ಹೊಟ್ಟೆ ಉಬ್ಬುವುದನ್ನು, ಮೈ ಸೊರಗುವುದನ್ನು ಅವರೇ ನೋಡುತ್ತಿರುತ್ತಾರೆ. ನಮ್ಮ ಮೌನ ಅವರನ್ನು ಒಂಟಿಯಾಗಿಸುತ್ತದೆ. ಎಲ್ಲವನ್ನೂ ಒಮ್ಮೆಗೇ ಹೇಳಬೇಕಾಗಿಲ್ಲ. "ಅಪ್ಪ, ಕಾಯಿಲೆಯ ಬಗ್ಗೆ ನಿಮಗೆ ಏನು ಅನ್ನಿಸುತ್ತಿದೆ? ಎಷ್ಟು ತಿಳಿಯಬೇಕು ಅಂತ ಇದೆ?" ಎಂದು ಆರಂಭಿಸಿ. "ಎಲ್ಲ ನೀವೇ ನೋಡಿಕೊಳ್ಳಿ" ಎಂದು ಅವರು ಹೇಳಿದರೆ ಅದೂ ಅವರ ನಿರ್ಧಾರವೇ. ಮಾತು ಮುಂದುವರಿದರೆ, ಮುಂದಿನ ದಿನಗಳಲ್ಲಿ ನಿಮಗೆ ಯಾವುದು ಮುಖ್ಯ, ಯಾವುದಕ್ಕೆ ಹೆದರಿಕೆ, ಸ್ವಲ್ಪ ಹೆಚ್ಚು ಕಾಲ ಸಿಗುವುದಾದರೆ ಎಷ್ಟು ಕಷ್ಟ ತಡೆದುಕೊಳ್ಳಲು ಸಿದ್ಧರಿದ್ದೀರಿ ಎಂದು ಒಂದೊಂದಾಗಿ ಕೇಳಿ. ಒಬ್ಬರಿಗೆ ಮೊಮ್ಮಗಳ ಮದುವೆಯವರೆಗೆ ಇರಬೇಕೆಂಬ ಆಸೆಯಿದ್ದೀತು, ಅದಕ್ಕಾಗಿ ಭೇದಿ ಸುಸ್ತುಗಳನ್ನು ಸಹಿಸುತ್ತೇನೆ ಎಂದಾರು. ಇನ್ನೊಬ್ಬರಿಗೆ ತರವಾಡು ಮನೆಯ ಭೂತಕೋಲವನ್ನು ಒಮ್ಮೆ ನೋಡಿ ತನ್ನ ಮನೆಯಲ್ಲಿಯೇ ಮಲಗಿದರೆ ಸಾಕು ಎನಿಸೀತು. ಒಂದೇ ರಕ್ತಪರೀಕ್ಷೆಯ ವರದಿಗೆ ಈ ಇಬ್ಬರ ಸರಿಯಾದ ಉತ್ತರ ಬೇರೆ ಬೇರೆ.

ಭಾಷೆಯ ವಿಷಯವೂ ಇದೆ. ನಮ್ಮಲ್ಲಿ ರೋಗಿ ಮಾತನಾಡುವುದು ತುಳು, ಕೊಂಕಣಿ ಅಥವಾ ಬ್ಯಾರಿ ಭಾಷೆಯನ್ನು. ವೈದ್ಯರು ಎಷ್ಟೋ ಸಲ ಹೊರರಾಜ್ಯದವರು. ಮಗನೋ ಅಳಿಯನೋ ನಡುವೆ ನಿಂತು ಅನುವಾದಿಸುವಾಗ ಕಹಿಯಾದದ್ದನ್ನು ತನಗರಿವಿಲ್ಲದೆ ನುಂಗಿಬಿಡುತ್ತಾನೆ. ರೋಗಿಯ ಮನೆಮಾತು ಬಲ್ಲ ನರ್ಸ್ ಅಥವಾ ಸಮಾಜ ಕಾರ್ಯಕರ್ತರನ್ನು ಆ ಭೇಟಿಗೆ ಕರೆಸಲು ಮೊದಲೇ ಕೇಳಿಕೊಳ್ಳಿ. ದುಬೈಯಲ್ಲೋ ಮುಂಬೈಯಲ್ಲೋ ಇರುವ ಮಕ್ಕಳನ್ನು ಆ ಹೊತ್ತಿಗೆ ಫೋನಿನಲ್ಲಿ ಸೇರಿಸಿ. ದೂರದಲ್ಲಿರುವವರು ವೈದ್ಯರ ಮಾತನ್ನು ತಾವೇ ಕೇಳದಿದ್ದರೆ "ಏನಾದರೂ ಮಾಡಿ, ದುಡ್ಡಿಗೆ ಯೋಚಿಸಬೇಡಿ" ಎಂಬ ಒತ್ತಡ ಕೊನೆಯವರೆಗೂ ನಿಲ್ಲುವುದಿಲ್ಲ.

ಆರನೆಯ ಹೆಜ್ಜೆ: ವೈದ್ಯರ ಮುಂದೆ ಗಡುವು ಹಾಕಿಕೊಂಡು ನಿರ್ಧರಿಸಿ

ಸಾಮಾನ್ಯ ಒಪಿಡಿ ನೂಕುನುಗ್ಗಲಿನಲ್ಲಿ ಈ ಮಾತುಕತೆ ಆಗುವುದಿಲ್ಲ. ಅದಕ್ಕೆಂದೇ ಬೇರೆ ಸಮಯ ಕೇಳಿ. ಈ ಔಷಧಿ ಮುಂದುವರಿಸಿದರೆ ಏನು ಒಳಿತಾಗುವ ನಿರೀಕ್ಷೆಯಿದೆ, ಕಾಯಿಲೆ ವಾಸಿಯಾಗಲೆಂದು ಕೊಡುತ್ತಿದ್ದೀರೋ ಬೆಳವಣಿಗೆ ನಿಧಾನವಾಗಲೆಂದೋ, ನಿಲ್ಲಿಸಿದರೆ ಮುಂದಿನ ಎರಡು ತಿಂಗಳು ಹೇಗಿರಬಹುದು ಎಂದು ಕೇಳಿ. "ನಿಮ್ಮ ತಂದೆಗೆ ಹೀಗಾಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಹೆಚ್ಚಿನವರು ಕೇಳುತ್ತಾರೆ. ಅದಕ್ಕಿಂತ "ಇನ್ನು ಆರು ತಿಂಗಳಲ್ಲಿ ಇವರು ತೀರಿಕೊಂಡರೆ ನಿಮಗೆ ಆಶ್ಚರ್ಯವಾದೀತೇ?" ಎಂಬ ಪ್ರಶ್ನೆಗೆ ನೇರವಾದ ಉತ್ತರ ಸಿಗುವುದು ಹೆಚ್ಚು.

ಮನಸ್ಸು ಎರಡಾಗಿದ್ದರೆ ಗಡುವಿನ ಪ್ರಯತ್ನಕ್ಕೆ ಒಪ್ಪಿಕೊಳ್ಳಬಹುದು. ಎರಡು ತಿಂಗಳು ಕೊಟ್ಟು ನೋಡುವುದು, ಆಮೇಲಿನ ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದಿದ್ದರೆ, ಅಥವಾ ಅದಕ್ಕೂ ಮೊದಲೇ ಅಂಕ ಬಿ ದರ್ಜೆಯನ್ನು ದಾಟಿದರೆ, ಅಥವಾ ರೋಗಿಯೇ ಸಾಕೆಂದರೆ ನಿಲ್ಲಿಸುವುದು ಎಂದು ಆರಂಭಕ್ಕೆ ಮೊದಲೇ ಬರೆದಿಟ್ಟುಕೊಳ್ಳಿ. ಮೊದಲೇ ಬರೆದ ಷರತ್ತು ಇಲ್ಲದಿದ್ದರೆ ಪ್ರತಿ ಕೆಟ್ಟ ವರದಿಯ ಬಳಿಕವೂ ಇನ್ನೊಂದೇ ಒಂದು ಸುತ್ತು ಎಂಬ ಮಾತು ಬರುತ್ತದೆ, ಭಯದಲ್ಲಿರುವ ಮನೆಯವರಿಗೆ ಬೇಡವೆನ್ನುವ ಧೈರ್ಯ ಇರುವುದಿಲ್ಲ.

ಹಣದ ಮಾತನ್ನು ಆಡಲು ನಾಚಬೇಡಿ. 2012ರ ಮಾರ್ಚ್‌ನಲ್ಲಿ ಭಾರತ ಸರ್ಕಾರದ ಪೇಟೆಂಟ್ ಕಚೇರಿಯು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಸೊರಾಫೆನಿಬ್ ತಯಾರಿಸಲು ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಹೊಂದಿದ ಕಂಪನಿಯ ಒಪ್ಪಿಗೆಯಿಲ್ಲದೆಯೇ ತಯಾರಿಸುವ ಅನುಮತಿ, ಕೊಟ್ಟಾಗ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿಯಿದ್ದ ಔಷಧಿಗೆ 8,880 ರೂಪಾಯಿ ಬೆಲೆ ನಿಗದಿಯಾಯಿತು. ಹೀಗೆ ಮಾತ್ರೆಗಳು ಕೈಗೆಟುಕಿದರೂ ಇಮ್ಯುನೊಥೆರಪಿ ಈಗಲೂ ಬಹಳ ದುಬಾರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ನ್ನು 1.5 ಲಕ್ಷದ ಮಿತಿಯೊಳಗೆ ಸರ್ಕಾರ ಭರಿಸುತ್ತದೆ. ನಿಮ್ಮ ಔಷಧಿ ಇದರಲ್ಲಿ ಸೇರುತ್ತದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರ ಕೌಂಟರಿನಲ್ಲಿ, ಮನೆಯ ಅಡಿಕೆ ತೋಟವನ್ನು ಅಡವಿಡುವ ಮೊದಲು, ಕೇಳಿ.

ನಿಲ್ಲಿಸುವ ನಿರ್ಧಾರವಾದರೆ

ಗಡ್ಡೆಯ ಔಷಧಿ ನಿಂತರೂ ಚಿಕಿತ್ಸೆ ನಿಲ್ಲುವುದಿಲ್ಲ. ನೋವು ಮತ್ತು ತೊಂದರೆಗಳನ್ನು ಶಮನಗೊಳಿಸುವ ಉಪಶಾಮಕ ಚಿಕಿತ್ಸೆಯ ವೈದ್ಯರನ್ನು ಆ ದಿನಕ್ಕಿಂತ ಮೊದಲೇ, ಔಷಧಿ ನಡೆಯುತ್ತಿರುವಾಗಲೇ ಕಾಣುವುದು ಒಳ್ಳೆಯದು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಮಂಗಳೂರಿನವರು ತಾವು ತೋರಿಸುತ್ತಿರುವ ಆಸ್ಪತ್ರೆಯಲ್ಲಿಯೇ ಈ ಸೇವೆಯ ಬಗ್ಗೆ ವಿಚಾರಿಸಬಹುದು. ನೋವಿಗೆ ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಮೀರಬಾರದು ಎಂಬುದು ಸಿರೋಸಿಸ್ ಇದ್ದವರಿಗೆ ಹೇಳುವ ಸಾಮಾನ್ಯ ಮಿತಿ. ಮೆಡಿಕಲ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟು ರಕ್ತಸ್ರಾವ ತರಬಲ್ಲವಾದ್ದರಿಂದ ಅವು ಬೇಡ. ಹೆಚ್ಚಿನ ನೋವಿಗೆ ಮಾರ್ಫಿನ್ ಇದೆ; 2014ರ ಕಾನೂನು ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಕೊಡುವುದು ಸರಳವಾಗಿದೆ. ಲಿವರ್ ಸೋತವರಿಗೆ ಅದನ್ನು ಸಣ್ಣ ಪ್ರಮಾಣದಲ್ಲಿ, ಹೆಚ್ಚು ಅಂತರದಲ್ಲಿ ಕೊಡುತ್ತಾರೆ, ಜೊತೆಗೆ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಿಸರ್ಜನೆಯಾಗುವಂತೆ ಲ್ಯಾಕ್ಟುಲೋಸ್ ಕೊಡುತ್ತಾರೆ. ಹೊಟ್ಟೆಯ ನೀರು ಉಸಿರಿಗೆ ತೊಂದರೆ ಕೊಟ್ಟರೆ ಸೂಜಿಯಿಂದ ತೆಗೆಸಬಹುದು. ಉಪ್ಪು ಕಡಿಮೆ ಮಾಡಲು ಹೇಳಿದಾಗ ನಮ್ಮ ಕಡೆ ಮೊದಲು ದೂರವಿಡಬೇಕಾದವು ಮಿಡಿ ಉಪ್ಪಿನಕಾಯಿ, ಒಣಮೀನು, ಹಪ್ಪಳ. ಆದರೆ ಕೊನೆಯ ವಾರಗಳಲ್ಲಿ ಕುಚ್ಚಲಕ್ಕಿ ಗಂಜಿಗೆ ಒಂದು ಚೂರು ಉಪ್ಪಿನಕಾಯಿ ಬೇಕೆಂದು ಅವರು ಕೇಳಿದರೆ ವೈದ್ಯರ ಹತ್ತಿರ ಮಾತನಾಡಿ ಕೊಟ್ಟುಬಿಡಿ. ನಾವು ಕೊಡಲಿಲ್ಲ ಎಂಬ ಕೊರಗು ನನಗಿದೆ.

ಕಾನೂನಿನ ಭಯವೂ ಕೆಲವರಿಗಿದೆ. ತಿಳಿಬುದ್ಧಿಯಿರುವ ವಯಸ್ಕ ರೋಗಿ ಯಾವುದೇ ಚಿಕಿತ್ಸೆಯನ್ನು ಬೇಡವೆನ್ನಬಹುದು; ಕೀಮೋ ನಿಲ್ಲಿಸಲು ನ್ಯಾಯಾಲಯವೂ ಬೇಡ, ಸಮಿತಿಯೂ ಬೇಡ. ಮುಂದೆ ಪ್ರಜ್ಞೆ ಇಲ್ಲದಾಗ ವೆಂಟಿಲೇಟರ್‌ನಂಥವು ಬೇಕೇ ಬೇಡವೇ ಎಂಬುದನ್ನು ಈಗಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಅವಕಾಶ ಕೊಟ್ಟಿತು, 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಇದನ್ನು ಜಾರಿಗೆ ತರುವ ಸುತ್ತೋಲೆಯನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿತು.

ಮನೆಗೆ ಕರೆದುಕೊಂಡು ಬರುವ ದಿನ ಆಸ್ಪತ್ರೆಯಿಂದ ಒಂದು ಹಾಳೆಯನ್ನು ಕೇಳಿ ಪಡೆಯಿರಿ. ಕಾಯಿಲೆಯ ಹೆಸರು, ನಿಲ್ಲಿಸಿದ ಔಷಧಿ, ಮುಂದುವರಿಸಬೇಕಾದ ಮಾತ್ರೆಗಳು, ರಾತ್ರಿ ತೊಂದರೆಯಾದರೆ ಕರೆ ಮಾಡಬೇಕಾದ ಸಂಖ್ಯೆ ಅದರಲ್ಲಿರಲಿ. ಇಮ್ಯುನೊಥೆರಪಿ ಪಡೆದಿದ್ದರೆ ಅದನ್ನು ಎದ್ದು ಕಾಣುವಂತೆ ಬರೆಸಿ, ಏಕೆಂದರೆ ಅದರ ಅಡ್ಡಪರಿಣಾಮಗಳು ನಿಲ್ಲಿಸಿದ ತಿಂಗಳುಗಳ ನಂತರವೂ ಬರಬಹುದು, ಊರಿನ ವೈದ್ಯರಿಗೆ ಅದು ತಿಳಿದಿರಬೇಕು. ರಕ್ತವಾಂತಿಯ ಸಂಭವವಿದೆ ಎಂದು ವೈದ್ಯರು ಹೇಳಿದ್ದರೆ ಕಡುಬಣ್ಣದ ಎರಡು ಬೈರಾಸು (ಟವೆಲ್) ಹಾಸಿಗೆಯ ಪಕ್ಕದಲ್ಲಿರಲಿ, ಅಂಥ ಹೊತ್ತಿನಲ್ಲಿ ಅವರನ್ನು ಮಗ್ಗುಲಾಗಿ ಮಲಗಿಸಿ ಒಬ್ಬರು ಕೈ ಹಿಡಿದು ಕೂರಬೇಕು, ಇನ್ನೊಬ್ಬರು ಫೋನ್ ಮಾಡಬೇಕು; ಯಾರು ಯಾವುದನ್ನು ಮಾಡುವುದು ಎಂದು ಮೊದಲೇ ಮಾತನಾಡಿಕೊಂಡಿರಿ. ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಆಷಾಢದ ಮಳೆಯ ರಾತ್ರಿ ಕರೆಂಟು ಹೋದಾಗಲೂ ಕೈಗೆ ಸಿಗುವಂತೆ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ.